ಸೋಲುವ ಸೊಸೆ, ಗೆಲ್ಲುವ ಮಾವ

ಹೋದ ತಿಂಗಳು ಒಂದು ಶನಿವಾರ ಸಂಜೆ ನಮ್ಮ ಮಾವನವರನ್ನು ಚದುರಂಗದಲ್ಲಿ ಸೋಲಿಸಿದೆ. ಒಂದು ಸಲ ಅಲ್ಲ, ಮೂರು ಸಲ. ಮೂರನೆಯ ಆಟ ಹತ್ತು ನಿಮಿಷವೂ ನಡೆಯಲಿಲ್ಲ.

ಆಮೇಲೆ ಮೂರು ದಿನ ಅವರು ನನ್ನ ಕೈಯ ಕಾಫಿ ಕುಡಿಯಲಿಲ್ಲ.

ಆಟದಲ್ಲಿ ಸೋತದ್ದಕ್ಕೆ ಇಷ್ಟು ಕೋಪವೇ, ಎಂಥ ಮನುಷ್ಯ ಎನ್ನಬೇಡಿ. ತಪ್ಪು ಅವರದಲ್ಲ, ನನ್ನದು. ಪೂರ್ತಿ ಕೇಳಿ, ಆಮೇಲೆ ಬೈಯಿರಿ. (ಈ ಅಂಕಣದಲ್ಲಿ ಸೀಮೆಎಣ್ಣೆ ಕ್ಯೂ ಬಗ್ಗೆ ಬರೆದಾಗ ಬಂದ ಬೈಗುಳದ ಕಾಗದಗಳನ್ನೇ ಇನ್ನೂ ಓದಿ ಮುಗಿಸಿಲ್ಲ. ಆದರೂ ಬರೆಯಿರಿ.)

ನಮ್ಮ ಮಾವನವರು ಚಿತ್ರದುರ್ಗದ ಕಡೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ರಿಟೈರ್ ಆದ ಮೇಲೆ ಅತ್ತೆಯನ್ನೂ ಚದುರಂಗದ ಹಲಗೆಯನ್ನೂ ಕಟ್ಟಿಕೊಂಡು ರಾಜಾಜಿನಗರದ ನಮ್ಮ ಮನೆಗೆ ಬಂದರು. ಸರ್ವಿಸಿನ ಉದ್ದಕ್ಕೂ ಅವರ ಎದುರಿಗೆ ನಿಂತವರೇ ಹೆಚ್ಚು, ಕೂತವರು ಕಡಿಮೆ. ಹಾಗಾಗಿ ಎದುರಿಗೆ ಕೂತು ಚದುರಂಗ ಆಡುವವರು ಯಾರೂ ಸಿಕ್ಕಿರಲಿಲ್ಲ. ಮದುವೆಯಾಗಿ ನಾನು ಬಂದ ಮೊದಲ ವಾರವೇ ಕೇಳಿದರು, "ಗಿರಿಜಾ, ನಿಂಗೆ ಚದುರಂಗ ಬರ್ತದಂತಲ್ಲವ್ವ, ಒಂದು ಕೈ ನೋಡಾಣೇನು?"

ನನಗೆ ಆಟ ಕಲಿಸಿದ್ದು ನಮ್ಮಪ್ಪ. ತುಮಕೂರಿನಲ್ಲಿ ಹೈಸ್ಕೂಲ್ ಮೇಷ್ಟರು. ಮಗಳು ಅಂತ ಒಂದು ಕಾಲಾಳನ್ನೂ ಬಿಟ್ಟುಕೊಟ್ಟವರಲ್ಲ. ಆ ಅಭ್ಯಾಸದಲ್ಲಿ ಆಡಿದೆ, ಗೆದ್ದೆ. ಹೊಸ ಸೊಸೆ, ಬುದ್ಧಿ ಎಲ್ಲಿರಬೇಕು?

"ಚೆನ್ನಾಗಿ ಆಡ್ತೀಯವ್ವ" ಎಂದು ಮಾವನವರು ಎದ್ದರು. ಆ ರಾತ್ರಿ ಎರಡು ರೊಟ್ಟಿ ತಿನ್ನುವವರು ಒಂದಕ್ಕೇ ಕೈ ತೊಳೆದರು. ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದು, ಬಾಗಿಲು ಅರ್ಧ ಮುಂದೆ ಮಾಡಿ, ದನಿ ಇಳಿಸಿ ಹೇಳಿದರು.

"ಇಲ್ನೋಡವ್ವ. ನಾನು ಚೌಕಾಬಾರದಾಗೆ ಮೂವತ್ತು ವರ್ಷದಿಂದ ಅವರಿಗೆ ಸೋಲ್ತಾನೇ ಬಂದೀನಿ. ಹೊಡೆಯೋ ಕಾಯಿ ಎದುರಿಗೇ ಇದ್ರೂ ಬೇರೆ ಕಾಯಿ ನಡೆಸ್ತೀನಿ. ನನ್ನ ಗಂಟೇನು ಹೋತು? ಮನೆ ತಣ್ಣಗೈತೆ. ನೀನೂ ಸೋತುಬಿಡು, ಆತಾ?"

ಆತು ಎಂದೆ.

ಸೋಲುವುದು ಸುಲಭ ಅಂದುಕೊಂಡಿದ್ದೀರಾ? ಒಂದು ಸಲ ಪ್ರಯತ್ನ ಮಾಡಿ. ಬೇಗ ಸೋತರೆ ಅನುಮಾನ ಬರುತ್ತದೆ. ಪೆದ್ದುಪೆದ್ದಾಗಿ ಸೋತರೆ ಗೆದ್ದವರಿಗೆ ರುಚಿ ಇರುವುದಿಲ್ಲ. ಮುಕ್ಕಾಲು ಗಂಟೆ ಕಷ್ಟಪಟ್ಟು ಆಡಬೇಕು, ನಡುವೆ ಒಂದೆರಡು ಸಲ ಹೆದರಿಸಬೇಕು, ಕೊನೆಗೆ "ಅಯ್ಯೋ, ಆ ಕುದುರೇನ ನೋಡ್ಲೇ ಇಲ್ವಲ್ಲ ಮಾವ!" ಎಂದು ಹಣೆ ಚಚ್ಚಿಕೊಳ್ಳಬೇಕು. ಎಂಟು ವರ್ಷ, ವಾರಕ್ಕೆ ಎರಡು ಮೂರು ಆಟದಂತೆ, ಈ ವಿದ್ಯೆಯಲ್ಲಿ ನಾನು ಪಳಗಿಹೋದೆ. ಮಾವನವರು ನಗುನಗುತ್ತಾ ಎರಡು ರೊಟ್ಟಿ ತಿನ್ನುತ್ತಿದ್ದರು. ಒಳ್ಳೆಯ ಸೊಸೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಹೀಗಿರುವಾಗ, ಮೊನ್ನೆ ಮೊನ್ನೆ, ಅವರು ದಿನಾ ಬೆಳಿಗ್ಗೆ ಪೇಪರ್ ಓದಲು ಹೋಗುವ ವಾಚನಾಲಯದ ಗೋಡೆಯ ಮೇಲೆ ಒಂದು ನೋಟೀಸು ಬಿತ್ತು. ಹವ್ಯಾಸಿಗಳಿಗೆ ಚೆಸ್ ಟೂರ್ನಮೆಂಟ್, ಗೋವಿಂದರಾಜನಗರದ ಒಂದು ಶಾಲೆಯಲ್ಲಿ, ವಯಸ್ಸಿನ ಮಿತಿ ಇಲ್ಲ.

"ಹೆಸರು ಕೊಟ್ಟು ಬಂದೆ!" ಮಾವನವರು ಬಾಗಿಲಲ್ಲೇ ಕೂಗಿದರು. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. "ಅಲ್ಲಿದ್ದೋರಿಗೆಲ್ಲ ಹೇಳಿದೆ. ನಮ್ಮ ಸೊಸೆ ಗಣಿತದ ಟೀಚರ್ರು, ಬಿ.ಎಸ್ಸಿ. ಎಂಟು ವರ್ಷದಾಗೆ ನನ್ನ ಒಂದೇ ಸಲ ಸೋಲಿಸಿರೋದು, ಅದೂ ಬಂದ ಹೊಸದ್ರಾಗೆ ಅಂತ. ಎಲ್ಲರೂ ಬೆರಗಾಗಿಬಿಟ್ರು ಕಣವ್ವ!"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಅಡಿಗೆಮನೆಯ ಕಡೆ ನಡೆದರು.

ಮೂರು ವಾರ ಇತ್ತು. ಸಿದ್ಧತೆ ಶುರುವಾಯಿತು. ಜ್ಞಾಪಕಶಕ್ತಿಗೆ ಒಳ್ಳೆಯದೆಂದು ದಿನಾ ಒಂದೆಲಗದ ಚಟ್ನಿ. (ಮನೆಮಂದಿಗೆಲ್ಲ ಅದೇ. ಯಾರ ಜ್ಞಾಪಕಶಕ್ತಿಯೂ ಹೆಚ್ಚಿದಂತೆ ಕಾಣಲಿಲ್ಲ.) ಕನ್ನಡಕಕ್ಕೆ ಹೊಸ ಗ್ಲಾಸು. ಬೆಳಗಿನ ಲಿಂಗಪೂಜೆ ಅರ್ಧ ಗಂಟೆ ಇದ್ದದ್ದು ಮುಕ್ಕಾಲು ಗಂಟೆ, ಮನಸ್ಸು ನಿಲ್ಲಬೇಕಲ್ಲ. ಟೂರ್ನಮೆಂಟಿಗೆ ಉಡುವ ಪಂಚೆಯನ್ನು ಇಪ್ಪತ್ತು ದಿನ ಮೊದಲೇ ಇಸ್ತ್ರಿಗೆ ಕೊಟ್ಟರು.

ನಾನು ಅವೆನ್ಯೂ ರಸ್ತೆಗೆ ಹೋಗಿ ನಿಯಮಗಳ ಒಂದು ತೆಳ್ಳನೆಯ ಪುಸ್ತಕ ತಂದುಕೊಟ್ಟೆ. ನಮ್ಮ ಮನೆಯ ಚದುರಂಗವೇ ಬೇರೆ, ಟೂರ್ನಮೆಂಟಿನ ಚೆಸ್ಸೇ ಬೇರೆ. ನಮ್ಮಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯುತ್ತಾನೆ, ಅಲ್ಲಿ ಮೊದಲ ಸಲ ಎರಡು ಮನೆ ಹೋಗಬಹುದು. ನಮ್ಮ ರಾಜ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದು, ಅಲ್ಲಿ ನೆಗೆಯುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಮಾತಾಡುವಂತೆಯೂ ಇಲ್ಲ.

"ಇದೇನವ್ವ, ಸರ್ಕಾರಿ ಸುತ್ತೋಲೆ ಇದ್ದಂಗೈತೆ" ಎಂದು ಮಾವನವರು ಖುಷಿಯಾಗಿಬಿಟ್ಟರು. ಕೆಂಪು ಪೆನ್ಸಿಲ್ ಹಿಡಿದು ಗೆರೆ ಎಳೆದು ಎಳೆದು ಎರಡೇ ದಿನಕ್ಕೆ ಬಾಯಿಪಾಠ ಮಾಡಿದರು.

ನಿಯಮವೇನೋ ಬಂತು. ಆಟ? ಅವರ ರಾಜನ ಸುತ್ತ ಯಾವಾಗಲೂ ಬಯಲು. ಮಂತ್ರಿ ಮೊದಲ ಐದು ನಿಮಿಷದಲ್ಲೇ ಊರು ಸುತ್ತಲು ಹೊರಟಿರುತ್ತಾನೆ. ಯಾಕೆಂದರೆ ಎಂಟು ವರ್ಷದಿಂದ ಅವರ ಮನೆಗೆ ಕಳ್ಳರೇ ಬಂದಿಲ್ಲ. ಬೀಗ ಹಾಕುವುದನ್ನು ಅವರೇಕೆ ಕಲಿಯುತ್ತಾರೆ? ಅಲ್ಲಿ ಯಾರೋ ಕಾಲೇಜು ಹುಡುಗ ಇವರನ್ನು ಕಾಲು ಗಂಟೆಯಲ್ಲಿ ಮುಗಿಸಿ, ಪಕ್ಕದವನ ಹತ್ತಿರ ನಗುತ್ತಾನೆ. ಮರುದಿನ ಬೆಳಿಗ್ಗೆ ಇವರು ವಾಚನಾಲಯಕ್ಕೆ ಹೇಗೆ ಹೋಗುತ್ತಾರೆ? ಅದನ್ನು ನೆನೆದು ಪಾಠ ಮಾಡುವಾಗ ಬೋರ್ಡಿನ ಮೇಲೆ ಲೆಕ್ಕವನ್ನೇ ತಪ್ಪು ಬರೆಯುತ್ತಿದ್ದೆ.

ನಮ್ಮವರ ಹತ್ತಿರ ಹೇಳಿಕೊಂಡೆ. ಅವರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ.

"ನಿಜ ಹೇಳ್ಬಿಡು" ಎಂದರು.

"ನಿಮ್ಮಪ್ಪ. ನೀವೇ ಹೇಳಿ."

"ನಂಗೆ ನಾಳೆ ಫಸ್ಟ್ ಶಿಫ್ಟ್ ಕಣೇ" ಎಂದು ಮಗ್ಗುಲಾದರು.

ಕೊನೆಗೆ ದಾರಿ ಮಾಡಿಕೊಟ್ಟವರು ಮಾವನವರೇ. ಟೂರ್ನಮೆಂಟಿಗೆ ಎರಡು ವಾರ ಇರುವಾಗ, ಆ ಶನಿವಾರ ಸಂಜೆ, ಹಲಗೆ ಹಾಸಿ ಹೇಳಿದರು, "ಗಿರಿಜಾ, ಇವತ್ತು ಮಾವ ಅಂತ ನೋಡಬ್ಯಾಡ. ಯಾರೋ ದಾರಿಹೋಕ ಅಂದ್ಕಂಡು ಆಡು."

ಅವರು ಮಾತಿಗೆ ಅಂದದ್ದು. ನಾನು ಅದನ್ನೇ ಹಿಡಿದುಕೊಂಡೆ. ಮೊದಲ ಆಟ ಗೆದ್ದೆ. "ನೋಡ್ಲಿಲ್ಲ, ಇನ್ನೊಂದು" ಎಂದರು. ಅದನ್ನೂ ಗೆದ್ದೆ. ಮೂರನೆಯದರಲ್ಲಿ ಅವರು ಯೋಚಿಸದೆ ಕಾಯಿ ನಡೆಸತೊಡಗಿದರು. ನಿಲ್ಲಿಸಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ನಿಲ್ಲಿಸಲಿಲ್ಲ.

ಅವರು ಹಲಗೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಯಾವಾಗಿಂದ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎರಡನೇ ಆಟದಿಂದ ಮಾವ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ ಮೆಲ್ಲಗೆ ಅಂದರು, "ಹಂಗಾದ್ರೆ ಎಂಟು ವರ್ಷ ನನ್ನ ಜತೆ ಯಾರೂ ಆಡೇ ಇಲ್ಲ."

ಹಲಗೆ ಬೀರುವಿನ ಮೇಲೆ ಹೋಯಿತು. ಅವರು ರೂಮಿಗೆ ಹೋದರು. ನಾನು ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾ ನಿಂತೆ.

ಆ ಮೂರು ದಿನ ನನಗೆ ಆ ಒಂದೇ ಮಾತು ಕಿವಿಯಲ್ಲಿ. ನಾನು ಕೊಟ್ಟದ್ದು ಮರ್ಯಾದೆ ಅಂದುಕೊಂಡಿದ್ದೆ. ಅವರಿಗೆ ಸಿಕ್ಕಿದ್ದೇನು? ಮಗುವಿನ ಕೈಗೆ ಖಾಲಿ ಲೋಟ ಕೊಟ್ಟು "ಹಾಲು ಕುಡಿ ಪುಟ್ಟಾ" ಅಂದ ಹಾಗಾಯಿತಲ್ಲ. ಇವರಿಗೆ ಸೋಲನ್ನು ತಡೆದುಕೊಳ್ಳುವ ಶಕ್ತಿ ಇಲ್ಲ ಎಂದು ಒಂದು ರೊಟ್ಟಿ ಕಡಿಮೆ ತಿಂದದ್ದನ್ನು ನೋಡಿ ನಾನೂ ಅತ್ತೆಯೂ ತೀರ್ಮಾನ ಮಾಡಿಬಿಟ್ಟಿದ್ದೆವು. ಮಾರನೆಯ ದಿನ ಅವರು ಪುನಃ ಹಲಗೆ ಹಾಸುತ್ತಿದ್ದರೇನೋ. ನಾವು ಕಾದು ನೋಡಲೇ ಇಲ್ಲ.

ಇದು ಬರೀ ನಮ್ಮನೆ ಕಥೆಯೇ? ಆಫೀಸಿನಲ್ಲಿ ಸಾಹೇಬರ ಹಳೇ ಜೋಕಿಗೆ ಹೊಟ್ಟೆ ಹಿಡಿದುಕೊಂಡು ನಗುವವರು ನೀವೂ ಇದ್ದೀರಿ. ನಮ್ಮ ಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಬರೆದ ಸ್ವಾಗತಗೀತೆಗೆ ನಾವು ಪ್ರತಿ ವರ್ಷ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ. (ಅವರು ಈ ಅಂಕಣ ಓದುವುದಿಲ್ಲ ಎಂದು ನಂಬಿದ್ದೇನೆ.) ದೊಡ್ಡವರಿಗೆ ಎದುರಾಡಬಾರದು, ಸರಿ. ಎದುರು ಆಡಲೂಬಾರದೇ?

ಮೂರನೆಯ ದಿನ ಮಧ್ಯಾಹ್ನದ ಊಟ. ನನಗೆ ಅವತ್ತು ರಜ. ಅತ್ತೆ ಬಡಿಸುತ್ತಿದ್ದರು. ಮಾವನವರ ತಟ್ಟೆಗೆ ರೊಟ್ಟಿ ಹಾಕಿ, ಅಲ್ಲೇ ನಿಂತು, ಇದ್ದಕ್ಕಿದ್ದಂತೆ ಅಂದರು, "ಆ ಹುಡುಗಿ ಮ್ಯಾಲೆ ಯಾಕೆ ಮುನಿಸು? ಸೋಲು ಅಂತ ಹೇಳಿದೋಳು ನಾನು. ಚೌಕಾಬಾರದಾಗೆ ನಾನೂ ಸೋತೀನಿ, ನಿಮಗೆ ಗೊತ್ತಾಗ್ಲಿಲ್ಲ."

ಮಾವನವರ ತುತ್ತು ಕೈಯಲ್ಲೇ ನಿಂತಿತು. ಹೆಂಡತಿಯ ಮುಖವನ್ನು ಹಿಂದೆ ಎಂದೂ ನೋಡಿಲ್ಲವೇನೋ ಎನ್ನುವ ಹಾಗೆ ನೋಡಿದರು. ತಟ್ಟೆಯಲ್ಲಿದ್ದ ರೊಟ್ಟಿ ಪೂರ್ತಿ ತಿಂದರು, ಇನ್ನೊಂದು ಹಾಕಿಸಿಕೊಂಡು ಅದನ್ನೂ ತಿಂದರು.

ಮರುದಿನ ಸಂಜೆ ಸ್ಕೂಲಿನಿಂದ ಬಂದಾಗ ಹಲಗೆ ನಡುಮನೆಯಲ್ಲಿತ್ತು.

"ಇನ್ನ ಹತ್ತು ದಿನ ಐತೆ. ಕಾಫಿ ಮಾಡ್ಕಂಡು ಬಾ, ನಂಗೂ ಒಂದು ಲೋಟ. ಬಂದು ದಾರಿಹೋಕನ ಜತೆ ಆಡೋ ಹಂಗೆ ಆಡು."

ನಿಜವಾದ ಸಿದ್ಧತೆ ಆವತ್ತು ಶುರುವಾಯಿತು. ಸೋತರು, ಸೋತರು, ಸೋಲುತ್ತಲೇ ಹೋದರು. ಪ್ರತಿ ಸೋಲಿನ ಮೇಲೂ ಕಾಯಿಗಳನ್ನು ಹಿಂದಕ್ಕೆ ಜೋಡಿಸಿ "ಎಲ್ಲಿ ಎಡವಿದೆ, ತೋರ್ಸು" ಎನ್ನುತ್ತಿದ್ದರು. ಅರವತ್ತೈದು ವರ್ಷದ ಮನುಷ್ಯ ನನ್ನ ಕ್ಲಾಸಿನ ಯಾವ ಹುಡುಗಿಗಿಂತಲೂ ಬೇಗ ಕಲಿತರು. ರಾಜನನ್ನು ಬೇಗ ಮೂಲೆಗೆ ಸೇರಿಸಿದರು. ಮಂತ್ರಿಯ ತಿರುಗಾಟ ನಿಂತಿತು. ಆಡುವಾಗ "ಬಂದ್ಯಾ ಮಗನೇ, ಬಾ ಬಾ" ಎಂದು ಗೊಣಗುವ ಅಭ್ಯಾಸ ಮಾತ್ರ ಸುಲಭಕ್ಕೆ ಹೋಗಲಿಲ್ಲ. ಅದಕ್ಕೆ ಬಾಯಲ್ಲಿ ಒಂದು ಲವಂಗ ಇಟ್ಟುಕೊಳ್ಳುವ ಉಪಾಯ ಅವರೇ ಕಂಡುಹಿಡಿದರು.

ಇನ್ನೊಂದು ಅಭ್ಯಾಸ, ಯೋಚನೆ ಮಾಡುವಾಗ ಕಾಯಿಯ ತಲೆ ಸವರುವುದು. ಅದಕ್ಕೆ ಅಂಪೈರ್ ನಮ್ಮತ್ತೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದರು, ಕಣ್ಣು ಮಾತ್ರ ಗಂಡನ ಬೆರಳಿನ ಮೇಲೆ.

"ಮುಟ್ಟಿದ್ರಿ! ಮುಟ್ಟಿದ್ರಿ! ಈಗ ಅದನ್ನೇ ನಡೆಸ್ಬೇಕು!"

"ಸುಮ್ಕಿರೇ, ಧೂಳು ಒರೆಸ್ತಿದ್ದೆ."

"ಒರೆಸಾಕೆ ಬಟ್ಟೆ ಐತೆ. ನಡೆಸ್ರಿ."

ಅತ್ತೆ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಎಂಟು ವರ್ಷದಲ್ಲಿ ಕೇಳಿರಲಿಲ್ಲ.

ಟೂರ್ನಮೆಂಟಿನ ಹಿಂದಿನ ಸಂಜೆ ಮಾವನವರು ಗೆದ್ದರು. ನಿಜವಾಗಿ ಗೆದ್ದರು. ನನ್ನ ಆನೆಯನ್ನು ಮೂಲೆಯಲ್ಲಿ ಕಟ್ಟಿಹಾಕಿ, ಎರಡು ಕುದುರೆಗಳನ್ನು ಎಲ್ಲಿಂದಲೋ ತಂದು, ರಾಜನಿಗೆ ಉಸಿರಾಡಲು ಜಾಗ ಇಲ್ಲದ ಹಾಗೆ ಮಾಡಿದರು. ನಾನು ತಪ್ಪಿಸಿಕೊಳ್ಳಲು ಏನೆಲ್ಲ ಸರ್ಕಸ್ ಮಾಡಿದೆ. ಆಗಲಿಲ್ಲ. ನನಗೆ ಸಂತೋಷ ತಡೆಯಲಾಗದೆ ಕೈ ತಟ್ಟಿದೆ.

ಅವರು ನಗಲಿಲ್ಲ. ಕನ್ನಡಕ ತೆಗೆದು ಕೇಳಿದರು, "ಗಿರಿಜಾ, ನಿಜ ಹೇಳು. ನಾಳೆ ಐತೆ ಅಂತ ಬಿಟ್ಕೊಟ್ಯಾ?"

"ಇಲ್ಲ ಮಾವ! ದೇವರಾಣೆಗೂ ನೀವೇ ಗೆದ್ದಿದ್ದು."

"ಹ್ಞೂಂ" ಎಂದರು. ನಂಬಲಿಲ್ಲ. ನಂಬುವುದಾದರೂ ಹೇಗೆ? ಅದೇ ನಡುಮನೆ, ಅದೇ ಹಲಗೆ, ಅದೇ ಸೊಸೆ. ಸುಳ್ಳು ಹೇಳಿದ್ದಕ್ಕೆ ನನಗೆ ಆದ ಶಿಕ್ಷೆ ಇದು. ಅವರ ಮೊದಲ ನಿಜವಾದ ಗೆಲುವನ್ನೇ ನಾನು ಹಾಳು ಮಾಡಿಟ್ಟಿದ್ದೆ, ಎಂಟು ವರ್ಷ ಮುಂಚೆಯೇ.

ಕಳೆದ ಭಾನುವಾರ ಆಟೋದಲ್ಲಿ ಗೋವಿಂದರಾಜನಗರಕ್ಕೆ ಹೋದೆವು. ಶಾಲೆಯ ಹಾಲಿನಲ್ಲಿ ಡೆಸ್ಕುಗಳ ಸಾಲು, ಡೆಸ್ಕಿಗೊಂದು ಹಲಗೆ. ಹೆಸರು ಬರೆದುಕೊಳ್ಳುತ್ತಿದ್ದವರು ನನ್ನನ್ನು ನೋಡಿ, "ಇವರು ಯಾರು ಸಾರ್?" ಎಂದರು.

"ನಮ್ಮ ಸೊಸೆ" ಎಂದರು ಮಾವನವರು. ಸ್ವಲ್ಪ ತಡೆದು ಸೇರಿಸಿದರು, "ನನ್ನ ಕೋಚು."

ಹೊರಗಿನವರು ಒಳಗೆ ಇರುವಂತಿಲ್ಲ. ವರಾಂಡದ ಬೆಂಚಿನ ಮೇಲೆ ಟೆಸ್ಟ್ ಪೇಪರುಗಳನ್ನು ಇಟ್ಟುಕೊಂಡು ಕೂತೆ. ಒಂದನ್ನೂ ತಿದ್ದಲಿಲ್ಲ. ಕಿಟಕಿಯಲ್ಲೇ ಕಣ್ಣು.

ಐದು ಸುತ್ತು. ಮೊದಲನೆಯದರಲ್ಲಿ ಆಟ ಸಮಸಮ ಇತ್ತು. ಯೋಚಿಸುತ್ತಾ ಯೋಚಿಸುತ್ತಾ ಮಾವನವರ ಬೆರಳು ಮಂತ್ರಿಯ ತಲೆ ಸವರಿತು. ಎದುರಿನವರು ಮೆಲ್ಲಗೆ "ಟಚ್ ಸಾರ್" ಎಂದರು. ಮಾವನವರು ವಾದ ಮಾಡಲಿಲ್ಲ. ಮಂತ್ರಿಯನ್ನೇ ನಡೆಸಿದರು, ಕಳೆದುಕೊಂಡರು, ಸೋತರು. ಅಷ್ಟು ವರ್ಷದ ಅಭ್ಯಾಸ ಹತ್ತು ದಿನದಲ್ಲಿ ಹೋಗುತ್ತದೆಯೇ? ಎರಡನೆಯದೂ ಸೋತರು. ಮೂರನೆಯದು ಡ್ರಾ. ನಡುವೆ ಹೊರಗೆ ಬಂದು ಮಜ್ಜಿಗೆ ಕುಡಿದು ಹೋದರು. ಸೋತ ಮುಖ ಹೇಗಿರಬಹುದೆಂದು ನಾನು ಹೆದರಿದ್ದೆನೋ ಹಾಗೇನೂ ಇರಲಿಲ್ಲ.

ನಾಲ್ಕನೆಯ ಸುತ್ತಿಗೆ ಎದುರು ಕೂತವನು ವಿಜಯನಗರದ ಒಬ್ಬ ಬ್ಯಾಂಕ್ ಗುಮಾಸ್ತ. ಇಪ್ಪತ್ತೈದರ ಆಸುಪಾಸು, ಬೆಲ್‌ಬಾಟಮ್ಮು, ಕಿವಿಯ ಮುಂದಿನಿಂದ ಕೆನ್ನೆಯ ಅರ್ಧಕ್ಕೆ ಇಳಿದ ಕೃದಾ. ಪಂಚೆಯುಟ್ಟ ಮುದುಕರನ್ನು ನೋಡಿ ಕಾಲ ಮೇಲೆ ಕಾಲು ಹಾಕಿ ಒರಗಿಕೊಂಡ. ಅರ್ಧ ಗಂಟೆ ಆದ ಮೇಲೆ ಕಾಲು ಇಳಿಸಿದ. ಮುಕ್ಕಾಲು ಗಂಟೆಗೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಮಾವನವರ ಬಾಯಲ್ಲಿ ಲವಂಗ, ಎರಡೂ ಕೈ ತೊಡೆಯ ಕೆಳಗೆ. ನನ್ನ ಸೆರಗಿನ ತುದಿ ಹಿಂಡಿ ಹಿಂಡಿ ಹಗ್ಗವಾಗಿತ್ತು.

ಆಮೇಲೆ ಆ ಹುಡುಗ ಎದ್ದ. ರಾಜನನ್ನು ಬೆರಳಲ್ಲಿ ತಳ್ಳಿ ಕೆಡವಿದ. "ಲಕ್ ಸಾರ್, ಬರೀ ಲಕ್" ಎಂದು ಕೈಯನ್ನೂ ಕುಲುಕದೆ, ಧುಮುಧುಮು ಎನ್ನುತ್ತಾ ನನ್ನ ಮುಂದೆಯೇ ಹೋದ.

ಮಾವನವರು ಹೊರಗೆ ಬಂದರು. ಕಣ್ಣು ಒದ್ದೆಯಾಗಿತ್ತು, ನಗುವೂ ಇತ್ತು.

"ಅವನ ಮಕ ನೋಡಿದ್ಯೇನವ್ವ? ಎಷ್ಟು ಉರ್ಕಂಡ! ಪಾಪ, ಗೆಲ್ಲಾಕೆ ಎಷ್ಟು ಒದ್ದಾಡಿದ!" ಎಂದು ಬೆಂಚಿನ ಮೇಲೆ ಕೂತರು. "ಅವನೇನು ನನ್ನ ಸೊಸೇನಾ, ಬೇಕೂಂತ ಸೋಲಾಕೆ?"

ಇಬ್ಬರೂ ನಕ್ಕೆವು. ನನಗೆ ನಗುತ್ತಲೇ ಅಳು ಬಂತು. ಅವರ ಗೆಲುವಿಗೆ ಸಾಕ್ಷಿ ಹೇಳಲು ಮನೆಯವರು ಯಾರೂ ಸಾಲಲಿಲ್ಲ ನೋಡಿ. ಹೆಸರೂ ಗೊತ್ತಿಲ್ಲದ, ಮರ್ಯಾದೆಯೂ ಕೊಡದ ಒಬ್ಬ ಹುಡುಗನೇ ಬೇಕಾಯಿತು.

ಐದನೆಯದು ಸೋತರು. ಬಹುಮಾನ ಗಿಹುಮಾನ ಏನಿಲ್ಲ. ಮಾಗಡಿ ರಸ್ತೆಯ ಬಸ್‌ಸ್ಟಾಪಿಗೆ ನಡೆದು ಬರುವಾಗ ಕೇಳಿದರು, "ನಿನ್ನೆ ನಾನು ಗೆದ್ದಿದ್ದು... ಅದೂ ನಿಜಾನೇನು?"

"ನಿಜ ಮಾವ."

"ಹ್ಞೂಂ" ಎಂದರು. ಈ ಸಲ ನಂಬಿದರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮನೆಗೆ ಬಂದ ಮಾವನವರು ಕೈಕಾಲು ತೊಳೆದವರೇ, ಅಟ್ಟದ ಮೇಲಿದ್ದ ಚೌಕಾಬಾರದ ಮಣೆ ಇಳಿಸಿದರು. ಕವಡೆ ಹುಡುಕಿ ತಂದರು. ಅತ್ತೆಯನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ಇವತ್ತು ನೀನು ಸೋಲಬ್ಯಾಡ. ಗೆಲ್ಲಾಕೇ ಆಡು. ನಿನ್ನಾಣೆ, ನಾನೇನೂ ಅನ್ನಾಕಿಲ್ಲ."

ಅತ್ತೆ ಸೀರೆ ಸರಿಮಾಡಿಕೊಂಡು, ನಾಚಿಕೊಂಡು, ಕವಡೆ ಹಾಕಿದರು. ನಾನು ಪಕ್ಕದಲ್ಲಿ ಕೂತೆ. ಮೂರು ಆಟ ಆಡಿದರು. ಮೂರರಲ್ಲೂ ಅತ್ತೆ ಸೋತರು.

ಮೂರನೆಯದರಲ್ಲಿ ನಾನು ಸರಿಯಾಗಿ ನೋಡಿದೆ. ಮಾವನವರ ಕಾಯಿ ಹೊಡೆಯುವುದಕ್ಕೆ ಎದುರಿಗೇ ಇತ್ತು. ಕವಡೆಯೂ ಸರಿಯಾಗಿ ಬಿದ್ದಿತ್ತು. ಅತ್ತೆಯ ಕೈ ತಾನಾಗಿಯೇ ಬೇರೆ ಕಾಯಿಗೆ ಹೋಯಿತು.

ಅಡಿಗೆಮನೆಗೆ ಬಂದ ಮೇಲೆ ಕೇಳಿದೆ, "ಅತ್ತೆ, ಇವತ್ತೂ ಯಾಕೆ ಸೋತ್ರಿ? ಅವರೇ ಗೆಲ್ಲು ಅಂದ್ರಲ್ಲ?"

"ಇಲ್ಲ ಕಣವ್ವ" ಎಂದರು ಅತ್ತೆ, ಸುಲಿದ ಅವರೆಕಾಳನ್ನು ನೀರಿಗೆ ಹಾಕುತ್ತಾ. "ಗೆಲ್ಲಬೇಕು ಅಂತಾನೇ ಆಡಿದೆ. ಹೆಂಗೆ ಅಂತ ಮರ್ತೋಗೈತೆ."

ಮಾವನವರ ಎಂಟು ವರ್ಷಕ್ಕೆ ಗೋವಿಂದರಾಜನಗರದಲ್ಲಿ ಒಂದು ಟೂರ್ನಮೆಂಟ್ ಸಿಕ್ಕಿತು. ಅತ್ತೆಯ ಮೂವತ್ತೆಂಟು ವರ್ಷಕ್ಕೆ ನಾನು ಎಲ್ಲಿ ಹೋಗಿ ಹೆಸರು ಕೊಟ್ಟು ಬರಲಿ?